ಕಾಡುಜಿಂಕೆಗಳ ಗೊರಸು ಅತಿಯಾಗಿ ಬೆಳೆಯುವುದಕ್ಕೆ ಕಾರಣಗಳು

ಕಾಡಂಚಿನ ಗ್ರಾಮಗಳಲ್ಲಿ ಜಮೀನುಳ್ಳವರು ಹೊತ್ತಾರೆ ಹೊಲಕ್ಕೆ ಹೋದಾಗ ರಾತ್ರಿ ಮೇದುಹೋದ ಜಿಂಕೆಗಳ ಹೆಜ್ಜೆಗಳನ್ನು ಕಾಣುವುದು ವಾಡಿಕೆಯಾಗಿದೆ. ಆರೋಗ್ಯವಾದ ಜಿಂಕೆಯ ಹೆಜ್ಜೆಯು ಎರಡು ಸೀಳಾಗಿ, ಮುಂದಕ್ಕೆ ಚೂಪಾಗಿ, ಅಚ್ಚೊತ್ತಿದಂತೆ ಇರುವುದು. ಆದರೆ ಒಮ್ಮೊಮ್ಮೆ ಎರಡು ಸೀಳುಗಳೂ ನೀಳವಾಗಿ ಬೆಳೆದು, ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟಿ, ಮುಂದಿನ ತುದಿ ಮೇಲಕ್ಕೆ ಎದ್ದಿರುವ ಹೆಜ್ಜೆಯು ಕಣ್ಣಿಗೆ ಬೀಳುವುದುಂಟು. ಅಂತಹ ಜಿಂಕೆಯನ್ನು ನೋಡಿದವರು ಅದಕ್ಕೆ ಮುಪ್ಪು ಬಂದಿದೆಯೆಂದು ಹೇಳಿ ಸುಮ್ಮನಾಗುವರು. ಕೆಲವರು ಅದೇ ಜಿಂಕೆಯು ಊರಿನ ದನಗಳಿಗೆ ರೋಗವನ್ನು ತರುವುದೆಂದು ಹೆದರಿ ಓಡಿಸಲು ಅಥವಾ ಕೊಲ್ಲಲು ಎಣಿಸುವರು. ಈ ಎರಡು ನಡವಳಿಕೆಗಳೂ ಸರಿಯಲ್ಲ. ಬೆಳೆದ ಗೊರಸು ತಾನೇ ಒಂದು ರೋಗವಲ್ಲ. ಅದು ಬೇರೆ ಯಾವುದೋ ಕೆಡುಕಿನ ಗುರುತು. ಆ ಕೆಡುಕು ನೆಲದಲ್ಲಿರಬಹುದು, ನೀರಿನಲ್ಲಿರಬಹುದು, ಮೇವಿನಲ್ಲಿರಬಹುದು, ನಮ್ಮದೇ ಕೊಟ್ಟಿಗೆಯಲ್ಲಿಯೂ ಇರಬಹುದು. ಜಿಂಕೆ ಮೇಯುವ ಹುಲ್ಲುಗಾವಲಿನಲ್ಲಿಯೇ ನಮ್ಮ ದನಕುರಿಗಳೂ ಮೇಯುವುದರಿಂದ, ಈ ಗುರುತನ್ನು ಓದಲು ಕಲಿಯುವುದು ರೈತನಿಗೆ ಲಾಭಕರವಾದ ವಿದ್ಯೆಯಾಗಿದೆ.

1. ಗೊರಸಿನ ರಚನೆ

ಜಿಂಕೆಯ ಪ್ರತಿ ಕಾಲಿನಲ್ಲಿಯೂ ನಾಲ್ಕು ಬೆರಳುಗಳುಂಟು. ಮುಂದಿನ ಎರಡು ದೊಡ್ಡವು ಭಾರವನ್ನು ಹೊರುವುವು. ಹಿಂದೆ ಮೇಲ್ಗಡೆ ಇರುವ ಎರಡು ಚಿಕ್ಕವು ಕೆಸರಿನಲ್ಲಿಯೂ ಇಳಿಜಾರಿನಲ್ಲಿಯೂ ಮಾತ್ರ ನೆಲಕ್ಕೆ ತಗಲುವುವು. ಬೆರಳಿನ ಎಲುಬನ್ನು ಸುತ್ತಿಕೊಂಡಿರುವ ಗಟ್ಟಿಯಾದ ಚಿಪ್ಪೇ ಗೊರಸು. ನಮ್ಮ ಉಗುರೂ ದನದ ಕೊಂಬಿನ ಹೊದಿಕೆಯೂ ಯಾವ ವಸ್ತುವಿನಿಂದ ಆಗಿವೆಯೋ ಅದೇ ವಸ್ತುವಿನಿಂದ ಇದೂ ಆಗಿದೆ. ಕೂದಲು ಮುಗಿದು ಗೊರಸು ಮೊದಲಾಗುವ ಅಂಚಿನಲ್ಲಿರುವ ಮೃದುವಾದ ಚರ್ಮದಿಂದ ಇದು ಎಡೆಬಿಡದೆ ಹುಟ್ಟಿ ಕೆಳಕ್ಕೆ ಇಳಿಯುತ್ತಿರುವುದು. ಈ ಅಂಚನ್ನು ನಾವು ಗೊರಸಿನ ಬೇರು ಎಂದು ಕರೆಯೋಣ.

ದನಗಳಲ್ಲಿ ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರು, ಎಂದರೆ ಅಂಗುಲದ ಐದನೆಯ ಒಂದು ಭಾಗದಷ್ಟು ಬೆಳೆಯುವುದು. ಜಿಂಕೆಗಳಲ್ಲಿ ಇದು ಕಾಲಕ್ಕೂ ಮೇವಿಗೂ ತಕ್ಕಂತೆ ಹೆಚ್ಚುಕಡಿಮೆಯಾಗುವುದು. ಕಾಡಿನ ಮೃಗವು ಕಲ್ಲುನೆಲದ ಮೇಲೆ ದಿನವೂ ನಡೆದು ಓಡುವುದರಿಂದ ಬೆಳೆದಷ್ಟೂ ಸವೆದುಹೋಗಿ, ಗೊರಸಿನ ಉದ್ದವು ಒಂದೇ ಅಳತೆಯಲ್ಲಿ ನಿಲ್ಲುವುದು. ವರಮಾನವೂ ಖರ್ಚೂ ಸಮನಾಗಿರುವ ಮನೆಯ ಲೆಕ್ಕದಂತೆ ಇದನ್ನು ತಿಳಿಯಬಹುದು. ಗೊರಸು ಅತಿಯಾಗಿ ಬೆಳೆದಿದ್ದರೆ ಸವೆತವು ಕಡಿಮೆಯಾಗಿರಬೇಕು, ಇಲ್ಲವೆ ಬೇರಿನಲ್ಲಿ ಹುಟ್ಟುವ ಗೊರಸೇ ಕೆಟ್ಟಿರಬೇಕು. ಮುಂದೆ ಹೇಳುವ ಕಾರಣಗಳೆಲ್ಲ ಈ ಎರಡರಲ್ಲಿ ಒಂದಕ್ಕೆ, ಅಥವಾ ಎರಡಕ್ಕೂ ಸೇರತಕ್ಕವು.

2. ಅಗಲವಾದ ಗೊರಸೆಲ್ಲ ರೋಗವಲ್ಲ

ಮೊದಲು ಒಂದು ಎಚ್ಚರಿಕೆ. ಕೆಲವು ಜಾತಿಗಳಿಗೆ ನೀಳವಾದ ಅಥವಾ ಅಗಲವಾದ ಗೊರಸು ಹುಟ್ಟಿನಿಂದಲೇ ಬಂದಿರುವುದು. ಹಿಮಾಲಯದ ತಪ್ಪಲಿನ ಜೌಗುನೆಲದ ಬಾರಾಸಿಂಗ ಜಿಂಕೆಗೆ ಕೆಸರಿನಲ್ಲಿ ಹೂತುಹೋಗದಂತೆ ಅಗಲವಾಗಿ ಬಿಚ್ಚಿಕೊಳ್ಳುವ ಗೊರಸುಂಟು. ಅದೇ ಬಾರಾಸಿಂಗದ ಇನ್ನೊಂದು ಪಂಗಡವು ಮಧ್ಯಪ್ರದೇಶದ ಕಾನ್ಹಾ ಕಾಡಿನ ಗಟ್ಟಿನೆಲದಲ್ಲಿ ವಾಸಿಸುವುದು. ಅದರ ಗೊರಸು ಚಿಕ್ಕದಾಗಿ, ಗಟ್ಟಿಯಾಗಿ, ಕೂಡಿಕೊಂಡಿರುವುದು. ಒಂದೇ ಜಾತಿಯಾದರೂ ನೆಲವು ಬೇರೆಯಾದುದರಿಂದ ಕಾಲೂ ಬೇರೆಯಾಯಿತು. ಮಣಿಪುರದ ಕೈಬುಲ್ ಲಾಮ್ಜಾವೋ ಎಂಬಲ್ಲಿ ನೀರಿನ ಮೇಲೆ ತೇಲುವ ಹುಲ್ಲುಹಾಸಿನ ಮೇಲೆ ಬಾಳುವ ಸಂಗೈ ಜಿಂಕೆಯು ಗೊರಸಿನ ಹಿಂಗಟ್ಟನ್ನೂ ಊರಿ ನಡೆಯುವುದು. ಆದಕಾರಣ ಆ ಸೀಮೆಯ ಆರೋಗ್ಯವಾದ ಜಿಂಕೆಯ ಕಾಲು ಹೇಗಿರುವುದೆಂಬುದನ್ನು ಮೊದಲು ಚೆನ್ನಾಗಿ ನೋಡಿಟ್ಟುಕೊಂಡು, ಅನಂತರ ಕೆಟ್ಟುದನ್ನು ಗುರುತಿಸತಕ್ಕದ್ದು.

3. ಸವೆತದ ಕೊರತೆ

ಬೇಲಿಯೊಳಗೆ ಕೂಡಿಹಾಕಿದ ಜಿಂಕೆಗಳಿಗೂ, ಹೆಚ್ಚು ನಡೆಯದೆ ಒಂದೇ ಮೆತ್ತನೆಯ ಬಯಲಿನಲ್ಲಿ ಮೇವು ನೀರು ಎರಡನ್ನೂ ಪಡೆಯುವ ಜಿಂಕೆಗಳಿಗೂ ಗೊರಸು ಸವೆಯುವುದಿಲ್ಲ. ಇಂತಹವುಗಳಲ್ಲಿ ನಾಲ್ಕು ಕಾಲಿನ ಗೊರಸುಗಳೂ ಸಮನಾಗಿ ಉದ್ದವಾಗುವುವು. ಗೊರಸಿನ ಮೈ ಮಾತ್ರ ನುಣುಪಾಗಿದ್ದು, ಅದರಲ್ಲಿ ಬಿರುಕಾಗಲಿ ಗೆರೆಯಾಗಲಿ ಕಾಣುವುದಿಲ್ಲ. ಇದು ಎಲ್ಲ ಕಾರಣಗಳಲ್ಲಿ ಸೌಮ್ಯವಾದುದು. ವಯಸ್ಸಾದ ಜಿಂಕೆಯು ಕೀಲುನೋವಿನಿಂದ ನಡಿಗೆಯನ್ನು ಕಡಿಮೆಮಾಡುವುದರಿಂದಲೂ ಹೀಗಾಗುವುದು. ಹಳ್ಳಿಯವರು ಮುಪ್ಪೆಂದು ಹೇಳುವುದರಲ್ಲಿ ಇಷ್ಟರಮಟ್ಟಿಗೆ ಸತ್ಯಾಂಶವುಂಟು.

4. ಒಂದೇ ಕಾಲಿನ ಗಾಯ

ಮುರಿದು ಕೂಡಿಕೊಂಡ ಎಲುಬು, ಹಳೆಯ ಗುಂಡೇಟು, ಕೀಲಿನ ಊತ, ಅಥವಾ ಉರುಳಿಗೆ ಸಿಕ್ಕಿ ತಪ್ಪಿಸಿಕೊಂಡ ಗಾಯ, ಇವುಗಳಿಂದ ಜಿಂಕೆಯು ಒಂದು ಕಾಲನ್ನು ಎತ್ತಿಕೊಂಡು ಕುಂಟುವುದು. ಊರದ ಕಾಲಿನ ಗೊರಸು ಸವೆಯದೆ ಬಾಗಿ ಬೆಳೆಯುವುದು. ಅದರ ಜೊತೆಯ ಕಾಲು ಇಮ್ಮಡಿ ಭಾರವನ್ನು ಹೊತ್ತು ಹೊತ್ತು ಚಪ್ಪಟೆಯಾಗುವುದೂ ಉಂಟು.

ಇಲ್ಲಿ ಜಮೀನುದಾರರು ತಮ್ಮ ಹೊಲದ ಬೇಲಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಬೆಳೆಯನ್ನು ಕಾಯುವುದಕ್ಕೆಂದು ಹಂದಿಗೆ ಒಡ್ಡಿದ ತಂತಿಯ ಉರುಳಿನಲ್ಲಿ ಜಿಂಕೆಯ ಕಾಲು ಸಿಕ್ಕಿದರೆ, ತಂತಿಯು ಗೊರಸಿನ ಮೇಲುಭಾಗವನ್ನು ಕೊಯ್ದು, ರಕ್ತದ ಓಟವನ್ನು ನಿಲ್ಲಿಸಿ, ತಿಂಗಳುಗಟ್ಟಲೆ ನರಳಿಸುವುದು. ಅದೇ ಉರುಳಿನಲ್ಲಿ ಊರಿನ ಕರುವೂ ಸಿಕ್ಕಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಉರುಳೊಡ್ಡುವುದು ಶಿಕ್ಷಾರ್ಹವಾದ ಅಪರಾಧವೆಂಬುದನ್ನು ಗ್ರಾಮದ ಯಜಮಾನರು ಎಲ್ಲರಿಗೂ ತಿಳಿಸತಕ್ಕದ್ದು.

5. ಜ್ವರಗಳು

ಗೊರಸಿನ ಬೇರಿಗೆ ರಕ್ತವು ಸರಿಯಾಗಿ ಬರುತ್ತಿದ್ದರೆ ಮಾತ್ರ ಒಳ್ಳೆಯ ಗೊರಸು ಹುಟ್ಟುವುದು. ತೀವ್ರವಾದ ಜ್ವರ ಬಂದಾಗ ಬೇರು ಕೆಲವು ದಿನ ಕೆಲಸವನ್ನು ನಿಲ್ಲಿಸುವುದು. ಜ್ವರ ಇಳಿದಮೇಲೆ ಮತ್ತೆ ಮೊದಲುಮಾಡುವುದು. ನಿಂತ ಜಾಗದಲ್ಲಿ ಗೊರಸಿನ ಸುತ್ತಲೂ ಒಂದು ತಗ್ಗಾದ ಗೆರೆ ಉಳಿಯುವುದು. ಗೊರಸು ಬೆಳೆದಂತೆಲ್ಲ ಈ ಗೆರೆಯು ಕೆಳಕ್ಕೆ ಇಳಿಯುತ್ತ, ಕೊನೆಗೆ ಅಲ್ಲಿಯೇ ಸೀಳಿ, ಹಳೆಯ ಚಿಪ್ಪು ಕಳಚಿಬೀಳುವುದು ಅಥವಾ ನೀಳವಾಗಿ ಮುಂದಕ್ಕೆ ಚಾಚಿಕೊಳ್ಳುವುದು.

ಅಮೆರಿಕದ ಬಿಳಿಬಾಲದ ಜಿಂಕೆಗಳಲ್ಲಿ ರಕ್ತಸ್ರಾವದ ಜ್ವರವೊಂದುಂಟು. ಇದನ್ನು 1955ರಲ್ಲಿ ನ್ಯೂಜೆರ್ಸಿ ಸಂಸ್ಥಾನದಲ್ಲಿ ಮೊದಲು ಗುರುತಿಸಿದರು. ಕೆಸರಿನ ಅಂಚಿನಲ್ಲಿ ಹುಟ್ಟುವ ಬಲು ಚಿಕ್ಕ ನೊರಜುಗಳು ಕಚ್ಚುವುದರಿಂದ ಇದು ಹರಡುವುದು. ಜಿಂಕೆಯಿಂದ ಜಿಂಕೆಗೆ ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ಬೇಸಗೆಯ ಕೊನೆಯಲ್ಲಿ ಈ ಜ್ವರದಿಂದ ಅನೇಕ ಜಿಂಕೆಗಳು ಸಾಯುವುವು. ಬದುಕಿ ಉಳಿದವುಗಳ ಗೊರಸಿನಲ್ಲಿ ಚಳಿಗಾಲದ ಹೊತ್ತಿಗೆ ಮೇಲೆ ಹೇಳಿದ ಗೆರೆಯೂ ಸೀಳೂ ಕಾಣಿಸಿಕೊಳ್ಳುವುವು.

ನಮ್ಮ ಕುರಿಗಾಹಿಗಳು ಬಲ್ಲ ನೀಲಿನಾಲಿಗೆ ರೋಗವು ಈ ಜ್ವರಕ್ಕೆ ಹತ್ತಿರದ ಸಂಬಂಧಿ. ಅದೂ ನೊರಜಿನಿಂದಲೇ ಹರಡಿ, ಮಳೆಗಾಲದಲ್ಲಿಯೂ ಅದರ ಹಿಂದೆಯೂ ದಕ್ಷಿಣದೇಶದ ಕುರಿಗಳನ್ನು ಪೀಡಿಸುವುದು. ಕುರಿಗೆ ಬಾಯಿ ಊದಿ, ಗೊರಸಿನ ಬೇರು ಕೆಂಪಾಗಿ, ಕುಂಟುತನ ಬರುವುದು. ಈ ರೋಗವು ಕಾಡಿನ ಜಿಂಕೆಗಳಿಗೂ ತಗಲಬಹುದು.

ಕಾಲುಬಾಯಿ ಜ್ವರದ ವಿಷಯವನ್ನು ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೊರಸಿನ ಸಂದಿನಲ್ಲಿ ಬೊಬ್ಬೆಗಳೆದ್ದು ಒಡೆದು, ಕೆಲವು ವೇಳೆ ಗೊರಸೇ ಕಳಚಿ, ಹೊಸದಾಗಿ ಬರುವ ಗೊರಸು ವಿಕಾರವಾಗಿ ಬೆಳೆಯುವುದು. ಸೀಳುಗೊರಸಿನ ಕಾಡುಮೃಗಗಳಿಗೂ ಇದು ಅಂಟುವುದು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಜ್ವರವು ಸಾಕಿದ ಜಾನುವಾರುಗಳಿಂದ ಕಾಡಿನ ಜಿಂಕೆಗಳಿಗೆ ಹಬ್ಬಿತು. ರೋಗವನ್ನು ನಿರ್ಮೂಲಮಾಡುವುದಕ್ಕಾಗಿ ಅಲ್ಲಿನ ಅಧಿಕಾರಿಗಳು 22 ಸಾವಿರಕ್ಕೂ ಹೆಚ್ಚು ಜಿಂಕೆಗಳನ್ನು ಕೊಲ್ಲಿಸಬೇಕಾಯಿತು. ಕೊಂದವುಗಳನ್ನು ಪರೀಕ್ಷಿಸಲಾಗಿ ಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ರೋಗದ ಗುರುತಿದ್ದಿತು. ಕೊಟ್ಟಿಗೆಯ ರೋಗವು ಕಾಡಿಗೆ ದಾಟಿದರೆ ಎಷ್ಟು ದೊಡ್ಡ ದಂಡವನ್ನು ತೆರಬೇಕಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

6. ಧಾನ್ಯವನ್ನು ಅತಿಯಾಗಿ ತಿನ್ನುವುದು

ಸೊಪ್ಪನ್ನೂ ಹುಲ್ಲನ್ನೂ ತಿಂದು ಬಾಳುವ ಜಿಂಕೆಯ ಹೊಟ್ಟೆಯಲ್ಲಿ ಆ ಮೇವನ್ನು ಕರಗಿಸುವ ಸೂಕ್ಷ್ಮಜೀವಿಗಳಿರುವುವು. ಜಿಂಕೆಯು ಒಂದೇ ಸಲ ಜೋಳದ ರಾಶಿಗೋ ಕಣಕ್ಕೋ ನುಗ್ಗಿ ಹೊಟ್ಟೆತುಂಬ ಕಾಳನ್ನು ತಿಂದರೆ, ಕಾಳಿನ ಹಿಟ್ಟು ಬೇಗನೆ ಹುಳಿಯಾಗಿ, ಆ ಹುಳಿಯಿಂದ ಸೂಕ್ಷ್ಮಜೀವಿಗಳು ಸತ್ತು, ವಿಷವು ರಕ್ತಕ್ಕೆ ಸೇರುವುದು. ಅದರಿಂದ ಗೊರಸಿನ ಒಳಪದರಕ್ಕೆ ಉರಿಯೂತ ಬರುವುದು. ಹೆಚ್ಚು ತಿಂದ ಜಿಂಕೆಯು ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಉಳಿದುದಕ್ಕೆ ಗೊರಸಿನ ಮೇಲೆ ಒಂದರ ಕೆಳಗೊಂದು ಉಂಗುರದಂತಹ ಗೆರೆಗಳು ಬಿದ್ದು, ತುದಿಯು ಮೇಲಕ್ಕೆ ಬಾಗಿ, ಹಳೆಯ ಜೋಡಿನಂತೆ ಚಪ್ಪಟೆಯಾಗುವುದು. ದನಕ್ಕೆ ಹಿಟ್ಟು ಹಿಂಡಿಗಳನ್ನು ಒಮ್ಮೆಗೇ ಹೆಚ್ಚಿಸಿದಾಗ ಆಗುವ ಕೇಡೂ ಇದೇ ಜಾತಿಯದು.

ಚಳಿಗಾಲದಲ್ಲಿ ಹಸಿದ ಜಿಂಕೆಗಳನ್ನು ಕಂಡು ಕರುಣೆಯಿಂದ ಕಾಳನ್ನು ಸುರಿಯುವ ಪದ್ಧತಿಯು ಅಮೆರಿಕದಲ್ಲಿ ಇದ್ದು, ಅದರಿಂದ ಕೇಡೇ ಹೆಚ್ಚೆಂದು ಅಲ್ಲಿನ ವನ್ಯಜೀವಿ ಇಲಾಖೆಗಳು ಜನರನ್ನು ಎಚ್ಚರಿಸುತ್ತ ಬಂದಿವೆ. ದಯೆಯಿಂದ ಮಾಡಿದ ಕೆಲಸವಾದರೂ ಹೊಟ್ಟೆಯ ಸ್ವಭಾವವನ್ನು ಅರಿಯದೆ ಮಾಡಿದರೆ ಹಾನಿಯಾಗುವುದು.

7. ನೀರು ಮತ್ತು ಮಣ್ಣಿನ ದೋಷಗಳು

ಗಟ್ಟಿಯಾದ ಗೊರಸು ಹುಟ್ಟಬೇಕಾದರೆ ಮೇವಿನಲ್ಲಿ ಸ್ವಲ್ಪ ತಾಮ್ರದ ಅಂಶವು ಇರಲೇಬೇಕು. ಅಲಾಸ್ಕ ದೇಶದ ಮೂಸ್ ಎಂಬ ದೊಡ್ಡ ಜಿಂಕೆಗಳಲ್ಲಿ ಗೊರಸು ವಿಕಾರವಾಗಿ ಬೆಳೆಯುವುದನ್ನು ಪರೀಕ್ಷಿಸಿದ ವಿದ್ವಾಂಸರು, ಅದು ತಾಮ್ರದ ಕೊರತೆಗೆ ಸಂಬಂಧಪಟ್ಟುದೆಂದು 1977ರಲ್ಲಿ ಪ್ರಕಟಿಸಿದರು. ಮಣ್ಣಿನಲ್ಲಿ ಮಾಲಿಬ್ಡಿನಮ್ ಮತ್ತು ಗಂಧಕ ಹೆಚ್ಚಾಗಿದ್ದರೆ, ತಾಮ್ರವಿದ್ದರೂ ಅದು ಮೈಗೆ ಹತ್ತುವುದಿಲ್ಲ.

ಕೊರತೆಯಂತೆಯೇ ಹೆಚ್ಚಳವೂ ಕೇಡು. ಸೆಲೆನಿಯಮ್ ಎಂಬ ವಸ್ತು ಅತಿಯಾಗಿರುವ ನೆಲದ ಮೇವನ್ನು ತಿಂದ ಪ್ರಾಣಿಗೆ ಕೂದಲು ಉದುರಿ, ಗೊರಸಿನ ಬೇರಿನಲ್ಲಿ ಬಿರುಕುಬಿಟ್ಟು, ಗೊರಸು ನೀಳವಾಗುವುದು. ಪಂಜಾಬಿನ ಹೊಷಿಯಾರ್‌ಪುರದ ಸೀಮೆಯಲ್ಲಿ ಎಮ್ಮೆ ದನಗಳು ಹೀಗೆ ನರಳಿದುದನ್ನು ಕಂಡಿದ್ದಾರೆ. ಫ್ಲೋರೈಡು ಹೆಚ್ಚಾಗಿರುವ ನೀರನ್ನು ವರ್ಷಗಟ್ಟಲೆ ಕುಡಿದ ಪ್ರಾಣಿಯ ಹಲ್ಲಿನ ಮೇಲೆ ಕಂದು ಕಲೆಗಳು ಬಿದ್ದು, ಎಲುಬು ದಪ್ಪವಾಗಿ, ಕೀಲು ನೋಯುವುದು. ನೋವಿನಿಂದ ನಡಿಗೆ ತಪ್ಪಿ ಗೊರಸು ಬೆಳೆಯುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಅನೇಕ ಆಳವಾದ ಕೊಳವೆಬಾವಿಗಳಲ್ಲಿ ಈ ದೋಷವುಂಟು. ಜಿಂಕೆಗೆ ಹಾನಿಮಾಡುವ ನೀರು ಜನರಿಗೂ ಹಾನಿಮಾಡುವುದೆಂಬುದು ಇಲ್ಲಿ ಮುಖ್ಯವಾದ ಸಂಗತಿ.

8. ಅಂಟುವ ಗೊರಸುರೋಗ

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೆ ಬಂದುದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಎಲ್ಕ್ ಜಿಂಕೆಗಳ ಗೊರಸುರೋಗ. ಎಲ್ಕ್ ನಮ್ಮ ಕಡವೆಯ ಬಳಗದ್ದು. ಗಾತ್ರದಲ್ಲಿ ಅದಕ್ಕೂ ದೊಡ್ಡದು. 1990ರ ದಶಕದಲ್ಲಿ ಆ ಸಂಸ್ಥಾನದ ನೈಋತ್ಯಭಾಗದ ಮಳೆಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಕುಂಟುವ ಎಲ್ಕ್ ಕಾಣಿಸಿಕೊಂಡಿತು. 2008ರಿಂದೀಚೆಗೆ ಅವುಗಳ ಸಂಖ್ಯೆಯು ಬಹಳವಾಗಿ ಹೆಚ್ಚಿತು. ಗೊರಸಿನ ಸಂದಿನಲ್ಲಿಯೂ ಬೇರಿನಲ್ಲಿಯೂ ಹುಣ್ಣಾಗಿ, ಅದು ಒಳಕ್ಕೆ ಇಳಿದು, ಗೊರಸು ನೀಳವಾಗಿ ಸುರುಳಿಯಾಗಿ ಬೆಳೆದು, ಕೊನೆಗೆ ಕಳಚಿಹೋಗುವುದು. ಮೇಯಲಾರದ ಪ್ರಾಣಿಯು ಸೊರಗುವುದು.

ಮೊದಲು ಕೆಲವರು ನೆಲದ ದೋಷವೆಂದರು, ಕೆಲವರು ಕಳೆನಾಶಕ ಔಷಧಿಗಳ ದೋಷವೆಂದರು. ಹುಣ್ಣುಗಳನ್ನು ಪರೀಕ್ಷಿಸಲಾಗಿ ಟ್ರೆಪೊನಿಮ ಎಂಬ ತಿರುಪಿನಾಕಾರದ ಸೂಕ್ಷ್ಮಜೀವಿಗಳು ಸಿಕ್ಕಿದುವು. ಹೈನು ಹಸುಗಳ ಕಾಲಿನಲ್ಲಿ ಹುಣ್ಣನ್ನುಂಟುಮಾಡುವ ರೋಗವೊಂದನ್ನು 1974ರಲ್ಲಿ ಇಟಲಿ ದೇಶದಲ್ಲಿ ವರ್ಣಿಸಿದ್ದರು. ಆ ರೋಗದಲ್ಲಿ ಕಾಣುವುದೂ ಇದೇ ಬಗೆಯ ಜೀವಿಗಳು. ಸಂಸ್ಥಾನದ ಶಾಸನಸಭೆಯು 2017ರಲ್ಲಿ ಇದರ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವಹಿಸಿತು. ರೋಗದ ಗೊರಸಿನ ತುಣುಕುಗಳು ಬೆರೆತ ಮಣ್ಣಿನಲ್ಲಿ ನಿಂತ ಆರೋಗ್ಯವಾದ ಎಲ್ಕ್‌ಗಳಿಗೆ ರೋಗವು ಅಂಟಿತೆಂಬುದು ಅಲ್ಲಿನ ಪ್ರಯೋಗದಿಂದ ತಿಳಿದುಬಂದಿದೆ. ಅಂದಮೇಲೆ ಕೆಸರೇ ಈ ರೋಗದ ವಾಹನ. ಕಾಡಿನ ಎಲ್ಕ್‌ಗಳಿಗೆ ಕೊಡತಕ್ಕ ಮದ್ದಾಗಲಿ ಲಸಿಕೆಯಾಗಲಿ ಇಲ್ಲ. ಆದಕಾರಣ ರೋಗವಿರುವ ಪ್ರದೇಶದಲ್ಲಿ ಬೇಟೆಯಾಡಿದವರು ಪ್ರಾಣಿಯ ಗೊರಸುಗಳನ್ನು ಅಲ್ಲಿಯೇ ಬಿಟ್ಟುಬರಬೇಕೆಂದು ನಿಯಮವನ್ನು ಮಾಡಿದರು. ಹೀಗಿದ್ದರೂ ಆರಿಗನ್, ಐಡಾಹೋ, ಕ್ಯಾಲಿಫೋರ್ನಿಯಾ ಸಂಸ್ಥಾನಗಳಲ್ಲಿಯೂ ಈ ರೋಗವು ಕಾಣಿಸಿಕೊಂಡಿದೆ. ಮೊದಲು ಕುಂಟಿದ ಕೆಲವನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳದೆ ಹೋದರೆ, ಮುಂದೆ ತಡೆಯುವುದು ಎಷ್ಟು ಕಷ್ಟವೆಂಬುದು ಇದರ ಪಾಠ.

9. ಕಾರಣವನ್ನು ಗುರುತಿಸುವ ಕ್ರಮ

ಕಾರಣಗಳು ಹಲವಾದರೂ, ಸಾಧಾರಣ ರೈತನು ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಅವುಗಳನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು.

ಒಂದನೆಯದು, ಎಷ್ಟು ಕಾಲುಗಳು? ಒಂದೇ ಜಿಂಕೆಯ ಒಂದೇ ಕಾಲು ಕೆಟ್ಟಿದ್ದರೆ ಗಾಯವೆಂದು ಊಹಿಸಬಹುದು. ನಾಲ್ಕೂ ಕೆಟ್ಟಿದ್ದರೆ ಜ್ವರ, ಮೇವು, ನೀರು ಅಥವಾ ನೆಲದ ದೋಷ.

ಎರಡನೆಯದು, ಎಷ್ಟು ಜಿಂಕೆಗಳು? ಹಿಂಡಿನಲ್ಲಿ ಒಂದಕ್ಕೆ ಮಾತ್ರ ಇದ್ದರೆ ಭಯಕ್ಕೆ ಕಾರಣವು ಕಡಿಮೆ. ಒಂದೇ ಕಾಲದಲ್ಲಿ ಹಲವಕ್ಕೆ ಇದ್ದರೆ, ಅದರಲ್ಲಿಯೂ ಎಳೆಯವುಗಳಿಗೂ ಇದ್ದರೆ, ಅದು ಮುಪ್ಪಲ್ಲ. ಅಂಟುರೋಗವೋ ನೀರುಮಣ್ಣಿನ ದೋಷವೋ ಆಗಿರಬೇಕು.

ಮೂರನೆಯದು, ಗೊರಸಿನ ಮೈ ಹೇಗಿದೆ? ನುಣುಪಾಗಿದ್ದರೆ ಸವೆತದ ಕೊರತೆ. ಒಂದೇ ಆಳವಾದ ಗೆರೆಯಿದ್ದರೆ ಒಂದು ಸಲ ಬಂದ ಜ್ವರ. ಉಂಗುರಗಳು ಹಲವಿದ್ದರೆ ಮೇವಿನ ದೋಷವು ಮೇಲಿಂದ ಮೇಲೆ ಬಂದುದು. ಹುಣ್ಣೂ ದುರ್ಗಂಧವೂ ಇದ್ದರೆ ಕೊಳೆಯುವ ರೋಗ.

ಗೆರೆಯು ಎಲ್ಲಿದೆಯೆಂಬುದರಿಂದ ಜ್ವರವು ಯಾವಾಗ ಬಂದಿತೆಂಬುದನ್ನೂ ಲೆಕ್ಕಹಾಕಬಹುದು. ದನದ ಗೊರಸಿನಲ್ಲಿ ಗೆರೆಯು ಬೇರಿನಿಂದ ಒಂದು ಅಂಗುಲ ಕೆಳಗಿದ್ದರೆ ಸುಮಾರು ಐದು ತಿಂಗಳ ಹಿಂದಿನ ಜ್ವರ. ಅರ್ಧ ಅಂಗುಲವಿದ್ದರೆ ಎರಡೂವರೆ ತಿಂಗಳ ಹಿಂದಿನದು. ಕಾರ್ತಿಕದಲ್ಲಿ ಎತ್ತಿನ ಗೊರಸಿನಲ್ಲಿ ಅರ್ಧ ಅಂಗುಲದ ಕೆಳಗೆ ಗೆರೆಯನ್ನು ಕಂಡ ರೈತನು, ಅದು ಶ್ರಾವಣ ಭಾದ್ರಪದಗಳಲ್ಲಿ ಮೇವು ಬಿಟ್ಟು ಮಂಕಾಗಿದ್ದುದನ್ನು ಜ್ಞಾಪಿಸಿಕೊಳ್ಳಬಹುದು. ಜಿಂಕೆಯ ವಿಷಯದಲ್ಲಿ ಈ ಲೆಕ್ಕವು ಇಷ್ಟು ಖಂಡಿತವಲ್ಲದಿದ್ದರೂ, ಯಾವ ಕಾಲದ ರೋಗವೆಂಬುದಕ್ಕೆ ಒಂದು ಸುಳುವು ಸಿಕ್ಕುವುದು.

10. ಜಮೀನುದಾರರು ಮಾಡತಕ್ಕ ಕೆಲಸಗಳು

(ಅ) ಕಾಡಂಚಿನಲ್ಲಿ ಮೇಯುವ ಎಲ್ಲ ದನ, ಎಮ್ಮೆ, ಕುರಿ, ಆಡು, ಹಂದಿಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸತಕ್ಕದ್ದು. 2019ರಲ್ಲಿ ಇದಕ್ಕಾಗಿ ದೇಶವ್ಯಾಪಿಯಾದ ಯೋಜನೆಯನ್ನು ಆರಂಭಿಸಲಾಯಿತು. ಲಸಿಕೆಯ ಬಲವನ್ನು ಸಂಶಯಿಸುವವರು ದೊಡ್ಡರೋಗದ ಚರಿತ್ರೆಯನ್ನು ನೆನೆಯಲಿ. 1968ರಲ್ಲಿ ಬಂಡೀಪುರ ಮುದುಮಲೆ ಕಾಡುಗಳ ಕಾಟಿಗಳು ಆ ರೋಗದಿಂದ ಬಹು ಸಂಖ್ಯೆಯಲ್ಲಿ ಸತ್ತುವು. ಯಾರೂ ಕಾಟಿಗಳಿಗೆ ಲಸಿಕೆ ಹಾಕಲಿಲ್ಲ; ಊರಿನ ದನಗಳಿಗೆ ಬಿಡದೆ ಹಾಕಿದುದರಿಂದಲೇ ರೋಗವು ಕಾಡಿನಿಂದಲೂ ಮಾಯವಾಗಿ, 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು.

(ಆ) ಕಾಲುಹುಣ್ಣಾದ ದನವನ್ನು ವಾಸಿಯಾಗುವವರೆಗೆ ಕಾಡಿಗೂ, ಊರೊಟ್ಟಿನ ಕೆರೆಗೂ ಬಿಡಕೂಡದು. ಪಶುವೈದ್ಯರ ಸಲಹೆಯಂತೆ ಮೈಲುತುತ್ತದ ನೀರಿನಲ್ಲಿ ಕಾಲನ್ನು ಅದ್ದಿಸಬಹುದು. ಬಳಸಿದ ನೀರನ್ನು ಹಳ್ಳಕ್ಕೆ ಚೆಲ್ಲಕೂಡದು. ಅದು ಮೀನಿಗೂ, ಕುಡಿದರೆ ಕುರಿಗೂ ವಿಷವಾಗುವುದು.

(ಇ) ನೀರುತೊಟ್ಟಿಯ ಸುತ್ತ ಕೆಸರು ನಿಲ್ಲದಂತೆ ಕಲ್ಲುಹಾಸನ್ನು ಹಾಕತಕ್ಕದ್ದು. ಇದರಿಂದ ನೊರಜೂ ಕಡಿಮೆಯಾಗುವುದು, ಗೊರಸೂ ಸವೆಯುವುದು.

(ಈ) ಕೊಯ್ದ ಜೋಳವನ್ನೂ ಕಾಳನ್ನೂ ಕಾಡಂಚಿನ ಕಣದಲ್ಲಿ ತೆರೆದಿಡಕೂಡದು. ಜಿಂಕೆಗಳಿಗೆ ಕಾಳನ್ನು ಸುರಿದು ಸಾಕುವ ಅಭ್ಯಾಸವೂ ಬೇಡ.

(ಉ) ಉರುಳುಗಳನ್ನು ಕಂಡಲ್ಲಿ ಕಿತ್ತು, ಅರಣ್ಯದವರಿಗೆ ತಿಳಿಸತಕ್ಕದ್ದು.

(ಊ) ಕುಂಟುವ ಜಿಂಕೆಯನ್ನು ಹಿಡಿದು ಗೊರಸು ಕತ್ತರಿಸಲು ಯಾರೂ ಹೋಗಕೂಡದು. ಹಿಡಿದ ಭಯದಿಂದಲೇ ಜಿಂಕೆಯು ಸಾಯಬಹುದು. ಅದಲ್ಲದೆ ಕಾನೂನೂ ಅದಕ್ಕೆ ಅವಕಾಶವನ್ನು ಕೊಡುವುದಿಲ್ಲ. ಸತ್ತುಬಿದ್ದ ಜಿಂಕೆಯನ್ನು ಕೊಯ್ಯುವುದಾಗಲಿ, ಬರಿಗೈಯಲ್ಲಿ ಮುಟ್ಟುವುದಾಗಲಿ ಬಹಳ ಅಪಾಯ. ಅದು ನೆರಡಿರೋಗದಿಂದ ಸತ್ತಿದ್ದರೆ ಮನುಷ್ಯನ ಪ್ರಾಣಕ್ಕೂ ಕುತ್ತು ಬರುವುದು.

(ಋ) ಕುಂಟುವ ಜಿಂಕೆಗಳು ಎರಡು ಮೂರಕ್ಕೆ ಮೇಲ್ಪಟ್ಟು ಕಂಡರೆ, ಕಂಡ ದಿನ, ಸ್ಥಳ, ಎಷ್ಟು ಜಿಂಕೆ, ಎಷ್ಟು ಕಾಲು, ಊರಿನ ದನಕುರಿಗಳಲ್ಲಿ ಆಗ ಯಾವ ರೋಗವಿದ್ದಿತು, ಇಷ್ಟನ್ನು ಒಂದು ಕಾಗದದಲ್ಲಿ ಬರೆದು, ಹತ್ತಿರದ ಅರಣ್ಯಾಧಿಕಾರಿಗೂ ಪಶುವೈದ್ಯಾಧಿಕಾರಿಗೂ ಒಪ್ಪಿಸುವುದು ಗ್ರಾಮದ ಯಜಮಾನರ ಕರ್ತವ್ಯ.

ಜಿಂಕೆಗೆ ಮಾತಿಲ್ಲ, ಅದು ವೈದ್ಯನ ಬಳಿಗೆ ಬರಲಾರದು. ಆದರೆ ಊರಿನ ಅಂಚಿನ ನೀರು, ಮೇವು, ನೆಲಗಳು ಹೇಗಿವೆಯೆಂಬ ವರದಿಯನ್ನು ಅದು ತನ್ನ ಕಾಲಿನಲ್ಲಿಯೇ ಹೊತ್ತು ತಿರುಗುವುದು. ಅದನ್ನು ಹೊಲದ ಬದುವಿನಲ್ಲಿ ಮೊದಲು ಕಾಣುವವನು ರೈತನೇ. ಕಂಡುದನ್ನು ಕಾಲದಲ್ಲಿ ತಿಳಿಸಿದರೆ, ಉಳಿಯುವುದು ಜಿಂಕೆ ಮಾತ್ರವಲ್ಲ, ತನ್ನ ಕೊಟ್ಟಿಗೆಯ ಎತ್ತೂ ಉಳಿಯುವುದು.